ಹಳೆಯ ಫಿಯಾಟಿಗೆ ಎಣ್ಣೆ ಯಾವುದು, ಪ್ಲಗ್ಗು ಯಾವುದು?

ವಿಲೆ ಪಾರ್ಲೆಯ ಹಳೆಯ ಕಟ್ಟಡಗಳ ಅಂಗಳದಲ್ಲಿ ಬಟ್ಟೆಯ ಹೊದಿಕೆ ಹೊದ್ದು ನಿಂತ ಫಿಯಾಟ್ ಕಾರು ಒಮ್ಮೊಮ್ಮೆ ಈಗಲೂ ಕಣ್ಣಿಗೆ ಬೀಳುವುದುಂಟು. ಇದರ ತವರು ದೂರವಲ್ಲ. ಸಮೀಪದ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯೇ. ಇಟಲಿಯಲ್ಲಿ 1953ರಲ್ಲಿ ಹೊರಬಂದ ಫಿಯಾಟ್ 1100 ನಮ್ಮಲ್ಲಿಗೆ ಬಂದಾಗ ಅದರ ಮೂತಿಯನ್ನು ಕಂಡ ಮುಂಬಯಿಯ ಜನ ‘ಡುಕ್ಕರ್ ಫಿಯಾಟ್’, ಅಂದರೆ ಹಂದಿ ಫಿಯಾಟ್ ಎಂದು ಹೆಸರಿಟ್ಟರು. ಅದೇ ಮುಂದೆ ಡಿಲೈಟ್ ಆಗಿ, ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡಿತು. ಟ್ಯಾಕ್ಸಿಯಾಗಿ ಅದರ ಬಾಳು 2023ರ ಅಕ್ಟೋಬರಿನಲ್ಲಿ ಮುಗಿಯಿತು. ಖಾಸಗಿಯವರ ಬಳಿ ಇರುವ ಗಾಡಿಗಳು ಮಾತ್ರ ಉಳಿದಿವೆ.

ಮೆಲ್ಲಗೆ ಸಾಗುವ ಟ್ಯಾಕ್ಸಿಯನ್ನಷ್ಟೇ ಕಂಡವರಿಗೆ ಇದು ಚುರುಕಿನ ಗಾಡಿ ಎಂದರೆ ನಗು ಬರಬಹುದು. ಆದರೆ ಆಯ್ಕೆಗೆ ಎರಡು ಮೂರು ಕಾರುಗಳೇ ಇದ್ದ ದಿನಗಳಲ್ಲಿ ಅವುಗಳೊಳಗೆ ಚುರುಕಾದುದು ಇದೇ. ಮದರಾಸಿನ ಹತ್ತಿರದ ಚೋಳವರಂ ವಿಮಾನ ಮೈದಾನದಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಎಂಜಿನನ್ನು ತಿದ್ದಿದ ಫಿಯಾಟುಗಳು ಓಡಿದುವು. ನಾಲ್ಕು ಸಿಲಿಂಡರು, 1089 ಘನ ಸೆಂಟಿಮೀಟರು, ಸುಮಾರು 40 ಅಶ್ವಶಕ್ತಿ: ಎಂಜಿನಿನ ಅಳತೆ ಇಷ್ಟೇ. ಈ ಎಂಜಿನು ಇಂದಿಗೂ ಓಡಬಲ್ಲುದು. ಅದನ್ನು ಕೊಲ್ಲುವುದು ವಯಸ್ಸಲ್ಲ. ‘ಹೊಸದು, ಬೆಲೆ ಹೆಚ್ಚಿನದು, ಆದ್ದರಿಂದ ಒಳ್ಳೆಯದು’ ಎಂದು ಸುರಿದ ಎಣ್ಣೆ ಮತ್ತು ಸಂಖ್ಯೆ ನೋಡದೆ ಬಿಗಿದ ಪ್ಲಗ್ಗು.

ಮೊದಲು ಎಣ್ಣೆಯ ಮಾತು. ಡಬ್ಬದ ಮೇಲೆ 20ಡಬ್ಲ್ಯು-50 ಎಂದು ಬರೆದಿರುತ್ತದೆಯಷ್ಟೆ. ಇದರಲ್ಲಿ ‘ಡಬ್ಲ್ಯು’ ಎಂಬುದು ಚಳಿಗಾಲದ ಗುರುತು. ಅದರ ಹಿಂದಿನ ಸಂಖ್ಯೆ ಕಡಿಮೆಯಾದಷ್ಟೂ ಎಣ್ಣೆ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. 20ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೂ, 5ಡಬ್ಲ್ಯು ಎಣ್ಣೆಯನ್ನು 30 ಡಿಗ್ರಿ ಕೆಳಗೂ ಪರೀಕ್ಷಿಸುತ್ತಾರೆ. ಪಾರ್ಲೆಯಲ್ಲಿ ಜನವರಿಯ ನಸುಕಿನಲ್ಲಿ ಸ್ವೆಟರ್ ಹಾಕಿಕೊಳ್ಳುವವರುಂಟು ನಿಜ, ಆದರೆ ಸೊನ್ನೆಯ ಸುದ್ದಿ ಇಲ್ಲಿಲ್ಲ. ಹಾಗಿರುವಾಗ 5ಡಬ್ಲ್ಯು ಎಣ್ಣೆಗೆ ಹೆಚ್ಚು ಹಣ ತೆರುವುದು ಮುಂಬಯಿಯಲ್ಲಿ ಉಣ್ಣೆಯ ಕಂಬಳಿ ಕೊಂಡಂತೆ. ಎರಡನೆಯ ಸಂಖ್ಯೆ ಕಾದ ಎಣ್ಣೆಯ ಸ್ನಿಗ್ಧತೆಯನ್ನು ಹೇಳುತ್ತದೆ. ನಮ್ಮ ಗಾಡಿಗೆ ಮುಖ್ಯವಾದುದು ಅದು. ಹೊಸ ಕಾರುಗಳ ಒಳಭಾಗಗಳ ನಡುವಣ ಸಂದು ಬಹಳ ಕಿರಿದು. ಅವಕ್ಕೆ 20 ಅಥವಾ 30ರ ತೆಳು ಎಣ್ಣೆ ಸಾಕು. ಹಳೆಯ ಎಂಜಿನಿನ ಸಂದು ಮೊದಲೇ ಅಗಲ, ಸವೆದು ಇನ್ನೂ ಅಗಲವಾಗಿರುತ್ತದೆ. ಅಲ್ಲಿ ತೆಳು ಎಣ್ಣೆ ನಿಲ್ಲುವುದಿಲ್ಲ. ಒತ್ತಡ ಇಳಿಯುತ್ತದೆ, ಲೋಹ ಲೋಹವನ್ನು ಮುಟ್ಟುತ್ತದೆ. ಒಳ್ಳೆಯ ಸ್ಥಿತಿಯ ಎಂಜಿನಿಗೆ 20ಡಬ್ಲ್ಯು-40, ಸವೆದುದಕ್ಕೆ ಅಥವಾ ಘಾಟಿ ಹತ್ತುವುದಕ್ಕೆ 20ಡಬ್ಲ್ಯು-50 ತಕ್ಕುದು.

ಎಣ್ಣೆಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ವಸ್ತುವಿದೆ: ಸತು ಮತ್ತು ರಂಜಕ ಸೇರಿದ ಒಂದು ಸಂಯುಕ್ತ. ಫಿಯಾಟಿನ ಕ್ಯಾಮ್‌ಶಾಫ್ಟಿನ ಉಬ್ಬುಗಳು ಚಪ್ಪಟೆಯಾದ ಟ್ಯಾಪೆಟ್ಟುಗಳನ್ನು ಉಜ್ಜಿಕೊಂಡು ತಿರುಗುತ್ತವೆ. ಹಲವು ಹೊಸ ಎಂಜಿನುಗಳಲ್ಲಿರುವಂತೆ ನಡುವೆ ಉರುಳೆ ಇಲ್ಲ. ಆ ಉಜ್ಜುವ ಜಾಗದಲ್ಲಿ ಈ ಸಂಯುಕ್ತವು ತೆಳುವಾದ ರಕ್ಷೆಯನ್ನು ಕಟ್ಟುತ್ತದೆ. ಆದರೆ ಹೊಗೆಯನ್ನು ಶುದ್ಧಿಮಾಡುವ ಕೆಟಾಲಿಟಿಕ್ ಕನ್ವರ್ಟರಿಗೆ ರಂಜಕವೇ ವಿಷ. 1995ರ ಏಪ್ರಿಲಿನಿಂದ ಮುಂಬಯಿಯೂ ಸೇರಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಆ ಸಾಧನ ಕಡ್ಡಾಯವಾಯಿತು. ಹೊರದೇಶಗಳಲ್ಲಿ ಅದಕ್ಕೂ ಮೊದಲೇ ಬಂದಿತ್ತು. ಆದುದರಿಂದ 30 ಮತ್ತು ಅದಕ್ಕಿಂತ ತೆಳುವಾದ ಇಂದಿನ ಎಣ್ಣೆಗಳಲ್ಲಿ ರಂಜಕಕ್ಕೆ ಮಿತಿ ಹಾಕಿದ್ದಾರೆ. ದಪ್ಪ ಎಣ್ಣೆಗಳಿಗೆ ಆ ಮಿತಿ ಇಲ್ಲ. ಫಿಯಾಟಿಗೆ 20ಡಬ್ಲ್ಯು-50 ಹಿತವಾಗುವುದಕ್ಕೆ ಇದು ಎರಡನೆಯ ಕಾರಣ.

ಮಳೆಗಾಲದಲ್ಲಿ ಇನ್ನೊಂದು ಪೀಡೆ. ಸ್ವಾಮಿ ವಿವೇಕಾನಂದ ರಸ್ತೆಯಲ್ಲಿ ಪಾರ್ಲೆಯಿಂದ ಅಂಧೇರಿಯವರೆಗೆ ತೆವಳಿ ಬಂದರೆ ಎಂಜಿನು ಪೂರ್ತಿ ಕಾಯುವುದೇ ಇಲ್ಲ; ಒಳಗೆ ಕೂಡಿದ ನೀರಿನ ಆವಿ ಹೊರಹೋಗದೆ ಎಣ್ಣೆಯೊಡನೆ ಬೆರೆಯುತ್ತದೆ. ಎಣ್ಣೆ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂತಹ ಜಿಡ್ಡು ಕಂಡರೆ ಸಾಮಾನ್ಯವಾಗಿ ಇದರ ಗುರುತು. ವರ್ಷಕ್ಕೆ ಸಾವಿರ ಕಿಲೋಮೀಟರು ಓಡದ ಗಾಡಿಗೂ ಮಳೆಗಾಲ ಕಳೆದ ಮೇಲೆ ಎಣ್ಣೆ ಬದಲಿಸಲೇಬೇಕು.

ಇನ್ನು ಸ್ಪಾರ್ಕ್ ಪ್ಲಗ್ಗು. ಪೆಟ್ರೋಲು ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ಹೊತ್ತಿಸುವುದು ಅದರ ಕೆಲಸವೆಂದು ಎಲ್ಲರೂ ಬಲ್ಲರು. ತನ್ನ ಶಾಖವನ್ನು ತಾನೇ ಕಾಯ್ದುಕೊಳ್ಳುವುದು ಅಷ್ಟೇ ದೊಡ್ಡ ಕೆಲಸ. ಅದರ ಪಿಂಗಾಣಿಯ ತುದಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಸುಡದೆ ಕಟ್ಟಿಕೊಳ್ಳುತ್ತದೆ. 850ನ್ನು ದಾಟಿ ಕೆಂಡವಾದರೆ ಕಿಡಿಗೆ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಹಾಗೆ ಕೆಲವು ನಿಮಿಷ ಓಡಿದರೆ ಪಿಸ್ಟನ್ನಿನ ತಲೆಯಲ್ಲಿ ತೂತು ಬೀಳಬಹುದು. ಪಿಂಗಾಣಿಯ ಮೂಗು ಉದ್ದವಾಗಿದ್ದರೆ ಶಾಖ ನಿಧಾನವಾಗಿ ಇಳಿಯುತ್ತದೆ. ಅದು ‘ಬಿಸಿ’ ಪ್ಲಗ್ಗು. ಮೊಟಕಾಗಿದ್ದರೆ ‘ತಂಪು’ ಪ್ಲಗ್ಗು. ಊರೊಳಗೆ ತೆವಳುವ ಗಾಡಿಗೆ ತುಸು ಬಿಸಿಯದು ಸಲ್ಲುತ್ತದೆ. ಖಂಡಾಲಾ ಘಾಟಿಯನ್ನು ಪೂರ್ಣ ಭಾರದಿಂದ ಹತ್ತುವುದಕ್ಕೂ, ಸಂಪೀಡನ ಹೆಚ್ಚಿಸಿದ ಪಂದ್ಯದ ಎಂಜಿನಿಗೂ ತಂಪಿನದು ಬೇಕು. ಎರಡೂ ಬಗೆಯ ಓಟವುಳ್ಳವರು ತಯಾರಕರು ಹೇಳಿದ ಮಧ್ಯಮ ಸಂಖ್ಯೆಯನ್ನು ಬಿಡದಿರುವುದೇ ಲೇಸು.

ಈ ಸಂಖ್ಯೆಗಳ ಗೋಜು ದೊಡ್ಡದು. ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಾಗುತ್ತಿದ್ದ ಮೈಕೋ ಪ್ಲಗ್ಗುಗಳನ್ನು ಕನ್ನಡಿಗರು ಬಲ್ಲರು. 1951ರಲ್ಲಿ ಹುಟ್ಟಿದ ಆ ಸಂಸ್ಥೆ 2008ರಲ್ಲಿ ಬಾಷ್ ಎಂಬ ಹೆಸರನ್ನೇ ತಳೆಯಿತು. ಹಳೆಯ ಬಾಷ್ ಕ್ರಮದಲ್ಲಿ 145, 175, 225 ಎಂದು ಸಂಖ್ಯೆ ಏರಿದಂತೆ ಪ್ಲಗ್ಗು ತಂಪು. ಹೊಸ ಕ್ರಮದಲ್ಲಿ ಅವೇ ಕ್ರಮವಾಗಿ 8, 7, 5 ಆದುವು. ಇಲ್ಲಿ ಸಂಖ್ಯೆ ಏರಿದಂತೆ ಬಿಸಿ! ಚಾಂಪಿಯನ್ನಿನಲ್ಲಿಯೂ ಏರಿದರೆ ಬಿಸಿ. ಜಪಾನಿನ ಎನ್‌ಜಿಕೆಯಲ್ಲಿ ಏರಿದರೆ ತಂಪು. ಹೀಗಿರಲು ಒಂದು ಕಂಪನಿಯ 7ನ್ನು ತೆಗೆದು ಇನ್ನೊಂದರ 7ನ್ನು ಬಿಗಿಯುವುದು ಕುರುಡಾಟವೇ ಸರಿ. ಅಂಗಡಿಯಲ್ಲಿ ಸರಿಸಾಟಿಯ ಪಟ್ಟಿಯನ್ನು ಕೇಳಿ ನೋಡಿರಿ. ಮರೆಯ ಉದ್ದವನ್ನೂ ಹಳೆಯದರ ಪಕ್ಕದಲ್ಲಿಟ್ಟು ಅಳೆಯಿರಿ: ಉದ್ದ ಮರೆಯದನ್ನು ಮೊಟಕು ರಂಧ್ರಕ್ಕೆ ಹಾಕಿದರೆ ತುದಿ ಒಳಗೆ ಚಾಚಿ ಪಿಸ್ಟನ್ನಿಗೆ ತಗಲೀತು. ಫಿಯಾಟಿನ ಸಿಲಿಂಡರ್ ಹೆಡ್ಡು ಅಲ್ಯುಮಿನಿಯಮಿನದು, ಮೆತ್ತನೆಯ ಲೋಹ. ಎಂಜಿನು ಆರಿದ ಮೇಲೆಯೇ ಪ್ಲಗ್ಗನ್ನು ಬಿಚ್ಚಬೇಕು. ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಕಿಡಿ ಹಾರುವ ಸಂದು ಪಾಯಿಂಟು ಇರುವ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ 0.5ರಿಂದ 0.7 ಮಿಲಿಮೀಟರು. ಹೊಸ ಕಾರುಗಳ ಅಗಲ ಸಂದನ್ನು ದಾಟುವಷ್ಟು ಬಲ ಹಳೆಯ ಕಾಯಿಲಿಗೆ ಇಲ್ಲ.

ಆಯ್ಕೆ ಸರಿಯೋ ತಪ್ಪೋ ಎಂಬುದನ್ನು ಪ್ಲಗ್ಗೇ ಹೇಳುತ್ತದೆ. ಹದಿನೈದು ಇಪ್ಪತ್ತು ಕಿಲೋಮೀಟರು ಚೆನ್ನಾಗಿ ಓಡಿಸಿ, ಆರಿದ ಬಳಿಕ ಬಿಚ್ಚಿ ತುದಿಯ ಬಣ್ಣ ನೋಡಬೇಕು. ಬಿಸ್ಕತ್ತಿನ ಕಂದು ಬಣ್ಣವಾದರೆ ಎಲ್ಲವೂ ಕ್ಷೇಮ. (2016ರವರೆಗೆ ಪಾರ್ಲೆಯವರಿಗೆ ಆ ಬಣ್ಣವನ್ನು ಬಣ್ಣಿಸಬೇಕಾಗಿರಲಿಲ್ಲ, ಕಾರ್ಖಾನೆಯ ಬಿಸ್ಕತ್ತಿನ ಕಂಪು ರೈಲು ನಿಲ್ದಾಣದವರೆಗೂ ಬರುತ್ತಿತ್ತು.) ಒಣ ಮಸಿ ಕಂಡರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಪ್ಲಗ್ಗು ತಂಪಾಯಿತು. ಒದ್ದೆಯಾದ ಎಣ್ಣೆಯ ಕಪ್ಪು ಕಂಡರೆ ಪಿಸ್ಟನ್ ರಿಂಗುಗಳೋ ವಾಲ್ವ್ ಗೈಡುಗಳೋ ಸವೆದಿವೆ; ಬಿಸಿ ಪ್ಲಗ್ಗು ಹಾಕಿ ಆ ರೋಗವನ್ನು ಮುಚ್ಚಬಹುದೇ ಹೊರತು ಗುಣಪಡಿಸಲಾಗದು. ಸುಣ್ಣದಂತೆ ಬಿಳಿಯಾಗಿ ಗುಳ್ಳೆ ಎದ್ದಿದ್ದರೆ ಗಾಡಿಯನ್ನು ಅಲ್ಲಿಗೇ ನಿಲ್ಲಿಸಿರಿ.

ಬಿಳಿಯ ವಿಷಯದಲ್ಲಿ ಒಂದು ಎಚ್ಚರ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲಿನೊಳಗೇ ಆಮ್ಲಜನಕವಿರುವುದರಿಂದ, ಹಳೆಯ ಪೆಟ್ರೋಲಿಗೆ ಹದಮಾಡಿದ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಆಗ ತಂಪು ಪ್ಲಗ್ಗನ್ನು ಹುಡುಕಿ ಹೊರಡಬಾರದು. ಕಾರ್ಬ್ಯುರೇಟರಿನ ಜೆಟ್ಟನ್ನು ತುಸು ದೊಡ್ಡದು ಮಾಡಿಸಿ, ಪೆಟ್ರೋಲಿನ ರಬ್ಬರು ಕೊಳವೆಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಿಸಿ, ಅನಂತರ ಮತ್ತೊಮ್ಮೆ ಪ್ಲಗ್ಗನ್ನು ಬಿಚ್ಚಿ ನೋಡತಕ್ಕದ್ದು.