ಹಿತ್ತಿಲಿಗೊಂದು ಒಲೆ

ಎತ್ತು ಕೊಳ್ಳುವ ರೈತ ಅದರ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸನ್ನೂ ನೋಡುತ್ತಾನೆ. ಮನೆ ಕಟ್ಟಿಸುವವನು ಬಾಗಿಲ ದಿಕ್ಕಿಗಾಗಿ ವಾರಗಟ್ಟಲೆ ಚರ್ಚೆ ನಡೆಸುತ್ತಾನೆ. ಹಿತ್ತಿಲ ಒಲೆಯ ವಿಷಯಕ್ಕೆ ಬಂದಾಗ ಮಾತ್ರ ಈ ಎಚ್ಚರವೆಲ್ಲ ಎಲ್ಲಿ ಅಡಗುವುದೋ ತಿಳಿಯದು. ಮೂರು ಗುಂಡುಕಲ್ಲು ಉರುಳಿಸಿಟ್ಟು, ಮೇಲೊಂದು ಹಂಡೆ ಕೂರಿಸಿ, ಅಡಿಗೆ ಸೌದೆ ತುರುಕಿದರೆ ಒಲೆಯಾಯಿತು. ಅದರ ಮುಂದೆ ಮೂವತ್ತು ನಲವತ್ತು ವರ್ಷ ಕುಳಿತಿರಬೇಕಾದವಳನ್ನು ಯಾರೂ ಒಂದು ಮಾತು ಕೇಳುವುದಿಲ್ಲ.

ಗುಂಡ್ಲುಪೇಟೆಯ ಕಡೆಯ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕನ ಮನೆಗೆ ಹೊಸ ಒಲೆ ಆರಿಸುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂತು. ಹಳೆಯ ಮಣ್ಣಿನ ನೀರೊಲೆಯ ಒಂದು ಪಕ್ಕ ಮಳೆಗೆ ಕುಸಿದುಬಿದ್ದಿತ್ತು. ಒಳಮನೆಗೆ ಅನಿಲದ ಒಲೆ ಬಂದು ಎಷ್ಟೋ ವರ್ಷಗಳಾಗಿವೆ; ಆದರೂ ಹಿತ್ತಿಲ ಬೆಂಕಿ ಆರಿಲ್ಲ. ನಮ್ಮ ಸೀಮೆಯ ಬಹುಪಾಲು ಮನೆಗಳ ಸ್ಥಿತಿ ಇದೇ. ಬೆಳಗಿನ ಸ್ನಾನಕ್ಕೆ ಹಂಡೆ ನೀರು ಕಾಯಬೇಕು. ಆಳುಗಳು ಬಂದ ದಿನ ದೊಡ್ಡ ಮಡಕೆಯಲ್ಲಿ ಮುದ್ದೆ ತಿರುವಬೇಕು. ಯುಗಾದಿಯ ಮರುದಿನ ಹೊಸತೊಡಕಿಗೆ ಕುರಿಯ ತಲೆಕಾಲುಗಳ ಕೂದಲನ್ನು ಉರಿಯಲ್ಲಿ ಸುಟ್ಟು ಹೆರೆಯಬೇಕು. ಇದನ್ನೆಲ್ಲ ಅನಿಲದ ನೀಲಿ ಜ್ವಾಲೆಯ ಮುಂದೆ ಮಾಡಿ ನೋಡಿದವರಿಗೆ ಕಷ್ಟವೇನೆಂದು ಗೊತ್ತು. ಇನ್ನು ಕೆಂಡದ ಮೇಲೆ ಸುಟ್ಟ ಬದನೆಕಾಯಿಯ ಗೊಜ್ಜು, ಬೂದಿಯಲ್ಲಿ ಹುದುಗಿಸಿ ಬೇಯಿಸಿದ ಗೆಣಸು, ಜೋಳದ ತೆನೆ, ಒಣಮೀನು: ಇವುಗಳಿಗೆ ಹೊಗೆಯೂ ಒಂದು ಮಸಾಲೆಯೇ ಹೊರತು ದೋಷವಲ್ಲ. ಹಿಂದಿನ ಮನೆಗಳಲ್ಲಿ ಒಲೆಯ ನೆತ್ತಿಯ ಮೇಲೊಂದು ಅಟ್ಟವಿರುತ್ತಿತ್ತು. ಬಿತ್ತನೆಯ ಬೀಜ, ಬೆಳ್ಳುಳ್ಳಿ, ಉಪ್ಪು ಅರಿಶಿನ ಸವರಿ ದಾರಕ್ಕೆ ಪೋಣಿಸಿದ ಬಾಡು ಎಲ್ಲವೂ ಅಲ್ಲಿ ಹೊಗೆಗೆ ಒಣಗಿ ಹುಳು ಹಿಡಿಯದೆ ಉಳಿಯುತ್ತಿದ್ದವು.

ಹಾಗಾದರೆ ಹಳೆಯದನ್ನೇ ಮತ್ತೆ ಮೆತ್ತಿಬಿಟ್ಟರಾಯಿತಲ್ಲ ಎಂದು ವಾಚಕರು ಕೇಳಬಹುದು. ಅಕ್ಕನಿಗೆ ಬಹುಕಾಲದಿಂದ ಕೆಮ್ಮು. ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. ಚಾಮರಾಜನಗರದ ವೈದ್ಯರೊಬ್ಬರು ಎದೆಗೆ ಕೊಳವೆಯಿಟ್ಟು ಕೇಳಿ, ಒಂದು ಯಂತ್ರದೊಳಕ್ಕೆ ಊದಿಸಿ ನೋಡಿ, "ಅಮ್ಮಾ, ನೀವು ಬೀಡಿ ಸೇದುತ್ತಿದ್ದಿರಾ?" ಎಂದು ಕೇಳಿದರು. ಜನ್ಮದಲ್ಲಿ ಬೀಡಿ ಮುಟ್ಟದ ಹೆಂಗಸು ನಾಚಿ ತಲೆ ತಗ್ಗಿಸಿದಳು. ಎರಡನೆಯ ಪ್ರಶ್ನೆ ಒಲೆಯದು. ಮನೆಯ ಒಲೆಯ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಈ ಅಂಕಿಯನ್ನು ನಾನು ಮೊದಲೇ ಓದಿದ್ದೆ. ಆದರೆ ಅದಕ್ಕೊಂದು ಮುಖ ಬಂದದ್ದು ಆ ದಿನ.

ನನಗಿಂತ ಮೊದಲೇ ಒಲೆಯ ಯೋಚನೆ ಮಾಡಿದ್ದವನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ. ಅವನಿಗೆ ಬೇಕಾದದ್ದು ಬಾರ್ಬೆಕ್ಯೂ. "ಮಾವ, ಇದಕ್ಕೆ ಮುಚ್ಚಳವಿದೆ, ಗಾಳಿಗೆ ಕಿಂಡಿಯಿದೆ, ಶಾಖ ನೋಡೋಕೆ ಮುಳ್ಳೂ ಇದೆ. ಹೊಗೆಯೇ ಬರೋಲ್ಲ" ಎಂದು ಚಿತ್ರಗಳನ್ನು ತೋರಿಸಿದ. ಕಪ್ಪು ಎನಾಮಲಿನ, ಮೂರು ಕಾಲಿನ, ಗುಂಡನೆಯ ಆ ಪಾತ್ರೆ ನೋಡುವುದಕ್ಕೆ ಚೆಲುವಾಗಿಯೇ ಇತ್ತು. ಅದರ ಹುಟ್ಟಿನ ಕತೆಯೂ ಸೊಗಸಾದದ್ದು. 1952ರಲ್ಲಿ ಅಮೆರಿಕದ ಷಿಕಾಗೋ ಬಳಿಯ ವೆಬರ್ ಸಹೋದರರ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬಾತ, ನೀರಿನ ಮೇಲೆ ತೇಲಿಬಿಡುವ ಲೋಹದ ಬುಂಡೆಯನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಕೆಳಗಿನದರಲ್ಲಿ ಕೆಂಡ ಹಾಕಿ ಮೇಲಿನದನ್ನು ಮುಚ್ಚಳ ಮಾಡಿದ. ಗಾಳಿಮಳೆಗೆ ತೆರೆದ ಒಲೆಯಲ್ಲಿ ಮಾಂಸ ಹದಗೆಡುತ್ತಿದ್ದುದಕ್ಕೆ ಅವನು ಕಂಡುಕೊಂಡ ಉಪಾಯ ಅದು. ಬಾರ್ಬೆಕ್ಯೂ ಎಂಬ ಮಾತು ಅದಕ್ಕಿಂತ ಬಹಳ ಹಳೆಯದು. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಬೆಂಕಿಯ ಮೇಲೆ ಕಟ್ಟುತ್ತಿದ್ದ ಕಟ್ಟಿಗೆಯ ಅಟ್ಟಣೆಯ ಹೆಸರಿನಿಂದ ಬಂದದ್ದು. ನಮ್ಮ ಅಟ್ಟಕ್ಕೂ ಅದಕ್ಕೂ ದೂರದ ನೆಂಟಸ್ತಿಕೆ ಇರುವಂತೆ ನನಗೆ ತೋರಿ ಸಂತೋಷವಾಯಿತು.

ಆದರೆ ಸಂತೋಷವೇ ಬೇರೆ, ಒಲೆಯೇ ಬೇರೆ. ಮುಚ್ಚಳದ ಉಪಯೋಗವಿರುವುದು ದೊಡ್ಡ ತುಂಡು ಬೇಯಿಸುವಲ್ಲಿ. ಅವರ ಕಡೆ ಸೇರುಗಟ್ಟಲೆ ತೂಗುವ ಇಡೀ ತೊಡೆಯನ್ನೋ ಪಕ್ಕೆಯನ್ನೋ ನೀರು ಕುದಿಯುವ ಶಾಖಕ್ಕಿಂತ ತುಸು ಮೇಲೆ, ಹೊಗೆಯ ನಡುವೆ, ಬೆಳಗಿನಿಂದ ಸಂಜೆಯವರೆಗೆ ಇಡುತ್ತಾರೆ. ಗಡುಸಾದ ಮಾಂಸ ಹಾಗೆ ನಿಧಾನವಾಗಿ ಮೆತ್ತಗಾಗುತ್ತದೆ. ನಾವು ಬಾಡನ್ನು ಹುಣಿಸೆಬೀಜದ ಗಾತ್ರಕ್ಕಲ್ಲದಿದ್ದರೂ ಅಡಕೆಯ ಗಾತ್ರಕ್ಕೆ ಕತ್ತರಿಸಿ ಸಾರಿನಲ್ಲಿ ಬೇಯಿಸುವವರು. ಸುಡುವುದೇನಿದ್ದರೂ ನಾಲ್ಕು ನಿಮಿಷದ ಕೆಲಸ. ಅದಕ್ಕೆ ಅಗ್ಗಿಷ್ಟಿಕೆಯೂ ಒಂದು ಕಬ್ಬಿಣದ ಜಾಲರಿಯೂ ಸಾಕು. ಮೇಲಾಗಿ ಆ ಗುಂಡನೆಯ ಪಾತ್ರೆಯ ಮೇಲೆ ಹಂಡೆ ಕೂರುವುದಿಲ್ಲ, ಮುದ್ದೆ ತಿರುವುವ ಕೋಲಿನ ಪೆಟ್ಟನ್ನು ಅದರ ಮೂರು ಕಾಲು ತಡೆಯುವುದೂ ಇಲ್ಲ. ಹೊಗೆ ಬಾರದೆಂಬ ಹುಡುಗನ ಮಾತು ಮಾತ್ರ ಅರ್ಧ ನಿಜ. ಇದ್ದಿಲಿನಲ್ಲಿ ಹೊಗೆ ಕಡಿಮೆ, ಏಕೆಂದರೆ ಹೊಗೆಯಾಗತಕ್ಕದ್ದು ಇದ್ದಿಲು ಸುಡುವಾಗಲೇ ಬೇರೆಲ್ಲೋ ಹೊರಟುಹೋಗಿದೆ. ಉಳಿಯುವುದು ಕಣ್ಣಿಗೆ ಕಾಣದ, ಮೂಗಿಗೂ ಸಿಕ್ಕದ ವಿಷಾನಿಲ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಿಗ್ಗೆ ಏಳದೆ ಹೋದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ಒಲೆ ಹಾಕುವುದರಲ್ಲಿ ಕೈ ಪಳಗಿದ ಮುದುಕ ಗಾರೆಯವನೊಬ್ಬನನ್ನು ಕರೆತಂದೆವು. ಅವನು ಹಳೆಯ ಒಲೆಯನ್ನು ನೋಡಲಿಲ್ಲ. ಮೊದಲು ಗೋಡೆಯ ಮೇಲಿನ ಮಸಿಯನ್ನು ನೋಡಿದ. "ಮೇಷ್ಟ್ರೆ, ಈ ಮಸಿ ಅಯ್ತಲ್ಲ, ಇದೆಲ್ಲಾ ನಿಮ್ಮ ಸೌದೆಯೇಯ. ಉರೀದೆ ಓಗದೆ, ಅಷ್ಟೆ" ಎಂದ. ರಸಾಯನಶಾಸ್ತ್ರದ ಪಾಠವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ. ಕಟ್ಟಿಗೆ ಕಾದಾಗ ಅದರ ತೂಕದ ಮುಕ್ಕಾಲು ಪಾಲಿನಷ್ಟು ಆವಿಯಾಗಿ ಹೊರಬರುತ್ತದೆ. ಆ ಆವಿಗೆ ಸಾಕಷ್ಟು ಗಾಳಿಯೂ ಸಾಕಷ್ಟು ಬಿಸಿಯೂ ಸಿಕ್ಕರೆ ಜ್ವಾಲೆ, ಸಿಕ್ಕದಿದ್ದರೆ ಹೊಗೆ. ಹಸಿಯ ಸೌದೆಯಲ್ಲಿ ಅರ್ಧ ತೂಕ ನೀರೇ ಇರಬಹುದು. ಆ ನೀರನ್ನು ಕಾಯಿಸಿ ಓಡಿಸುವುದರಲ್ಲೇ ಬೆಂಕಿಯ ಬಲವೆಲ್ಲ ವ್ಯಯವಾಗಿ ಹೊಗೆ ದಟ್ಟವಾಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆ ನೆಲಕ್ಕೆ ಅಂಟಿಕೊಂಡು ಬಿದ್ದಿರುವುದರಿಂದ ಅಡಿಯಿಂದ ಗಾಳಿಯಿಲ್ಲ. ಮೇಲೆ ತಣ್ಣನೆಯ ಹಂಡೆ ಉರಿಯ ನೆತ್ತಿಗೇ ಒತ್ತಿಕೊಂಡು ಅದನ್ನು ಅರ್ಧದಲ್ಲೇ ಆರಿಸುತ್ತದೆ. ಹೆಂಗಸರು ಊದುಗೊಳವೆ ಹಿಡಿದು ಊದುವುದು ಒಲೆ ಮಾಡಬೇಕಾದ ಕೆಲಸವನ್ನು ತಮ್ಮ ಶ್ವಾಸಕೋಶದಿಂದ ಮಾಡಿದಂತೆ.

ಕರ್ನಾಟಕದಲ್ಲಿ ಈ ವಿಚಾರವನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ವಿಜ್ಞಾನಿಗಳೇ ಎಂಬುದು ಹೆಮ್ಮೆಯ ಸಂಗತಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ ಎನ್. ರೆಡ್ಡಿಯವರು ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ವಿಭಾಗವನ್ನು ತೆರೆದರು. ಅಲ್ಲಿ ರೂಪುಗೊಂಡದ್ದೇ ಅಸ್ತ್ರ ಒಲೆ. ಸೌದೆಯ ಅಡಿಗೆ ಕಬ್ಬಿಣದ ಸರಳುಗಳ ಜಾಲರಿ, ಅದರ ಕೆಳಗೆ ಬೂದಿಯ ಗುಂಡಿ, ಮುಚ್ಚಿದ ಬೆಂಕಿಗೂಡು, ಸಾಲಾಗಿ ಮೂರು ಪಾತ್ರೆಗೆ ಮೂರು ಬಾಯಿ, ಕೊನೆಯಲ್ಲಿ ಮಾಡಿನಾಚೆಗೆ ಹೋಗುವ ಹೊಗೆಗೊಳವೆ. ಬಿಸಿಗಾಳಿ ಕೊಳವೆಯಲ್ಲಿ ಮೇಲೇರಿದಂತೆಲ್ಲ ಕೆಳಗಿನಿಂದ ಹೊಸ ಗಾಳಿ ತಾನಾಗಿ ಒಳನುಗ್ಗುತ್ತದೆ, ಊದುಗೊಳವೆಗೆ ಕೆಲಸವಿಲ್ಲ. ಸ್ನಾನದ ನೀರಿಗೂ ಇದೇ ತತ್ತ್ವದ ಒಲೆಯನ್ನು ಅವರು ಮಾಡಿಕೊಟ್ಟರು.

ಇಷ್ಟು ಒಳ್ಳೆಯ ಒಲೆ ಎಲ್ಲ ಮನೆಗಳಲ್ಲೂ ಏಕೆ ನಿಲ್ಲಲಿಲ್ಲ? 1983ರಲ್ಲಿ ಭಾರತ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು; 2002ರ ಹೊತ್ತಿಗೆ ಅದು ಮುಗಿಯಿತು. ದೇಶದಲ್ಲಿ ಕೋಟಿಗಟ್ಟಲೆ ಒಲೆಗಳು ಲೆಕ್ಕಕ್ಕೆ ಬಂದವು, ಉರಿಯುವುದಕ್ಕೆ ಬಂದವು ಎಷ್ಟೋ. ಬಳಿಕ ಒಡಿಶಾದ ಹಳ್ಳಿಗಳಲ್ಲಿ ಇಂಥ ಕೊಳವೆಯ ಒಲೆಗಳನ್ನು ನಾಲ್ಕು ವರ್ಷಗಳವರೆಗೆ ಹಿಂಬಾಲಿಸಿ ನೋಡಿದ ಸಂಶೋಧಕರು 2012ರಲ್ಲಿ ಹೇಳಿದ್ದಿಷ್ಟು: ಮೊದಲ ವರ್ಷ ಹೊಗೆ ಕುಡಿಯುವುದು ಕಡಿಮೆಯಾಯಿತು, ಆಮೇಲೆ ಬಿರುಕು ಮೆತ್ತುವವರಿಲ್ಲ, ಕೊಳವೆ ಗುಡಿಸುವವರಿಲ್ಲ, ಒಲೆ ಮೂಲೆಗೆ ಬಿತ್ತು, ಎದೆಯ ಆರೋಗ್ಯದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹೆಂಗಸರ ಅಜ್ಞಾನವೆಂದು ಬರೆದವರುಂಟು, ನಾನು ಒಪ್ಪಲಾರೆ. ಕೊಳವೆಯ ಮಸಿ ತೆಗೆಯಲು ಮಾಡು ಹತ್ತಬೇಕಾದ ಒಲೆಯನ್ನು ಕಟ್ಟಿಕೊಟ್ಟವನು, ಸೀರೆಯುಟ್ಟ ಅರವತ್ತರ ಹೆಂಗಸು ಮಾಡು ಹತ್ತುವಳೆಂದು ಹೇಗೆ ಎಣಿಸಿದ?

ಇನ್ನು ಸೌದೆ. ನಮ್ಮ ಕಡೆ ಒಲೆಯ ಮಾತು ಬಂದರೆ ಬಂಡೀಪುರದ ಕಾಡನ್ನು ಬಿಟ್ಟು ಮಾತನಾಡುವಂತಿಲ್ಲ. ಗುಂಡ್ಲುಪೇಟೆಯ ಕಾಡಂಚಿನ ಹೆಂಗಸರು ತಲೆಹೊರೆಯಲ್ಲಿ ತಂದ ಸೌದೆಯಿಂದಲೇ ಎಷ್ಟೋ ತಲೆಮಾರಿನ ಮುದ್ದೆ ಬೆಂದಿದೆ. 1973ರಲ್ಲಿ ಅದು ದೇಶದ ಮೊದಲ ಒಂಬತ್ತು ಹುಲಿ ರಕ್ಷಿತಾರಣ್ಯಗಳಲ್ಲಿ ಒಂದಾಯಿತು; ಕಾನೂನು ಬಿಗಿಯಾಯಿತು; ಆನೆಯ ಭಯವಂತೂ ಕಾನೂನಿಗಿಂತ ಹಳೆಯದು. 2016ರ ಉಜ್ವಲಾ ಯೋಜನೆ ಮೊದಲಾದವು ಅನಿಲವನ್ನು ಊರೊಳಗೆ ತಂದದ್ದರಿಂದ ಹೊರೆ ಇಳಿದದ್ದು ನಿಜ. ಸಿಲಿಂಡರಿನ ಬೆಲೆ ಏರಿದ ತಿಂಗಳು ಹೊರೆ ಮತ್ತೆ ತಲೆಗೇರುವುದೂ ಅಷ್ಟೇ ನಿಜ. ಅಕ್ಕನ ಹಿತ್ತಿಲಲ್ಲಿ ನಾವು ಎಣಿಸಿ ನೋಡಿದೆವು: ತೆಂಗಿನ ಗರಿ, ಮಟ್ಟೆ, ಚಿಪ್ಪು, ಹೊಲದಿಂದ ಮುಸುಕಿನ ಜೋಳದ ಬೆಂಡು, ಸೂರ್ಯಕಾಂತಿಯ ಕಡ್ಡಿ, ಬೇಲಿಯ ಹೊಂಗೆಯ ರೆಂಬೆ. ಕಾಡಿನ ಒಂದು ಪುಳ್ಳೆಯೂ ಬೇಡ. ಆದರೆ ಇವು ಸಣ್ಣ ಸೌದೆಗಳು, ಭರ್ರನೆ ಉರಿದು ಆರುವಂಥವು. ದೊಡ್ಡ ಬೊಡ್ಡೆಗೆಂದು ಅಗಲ ಬಾಯಿ ಬಿಟ್ಟ ಒಲೆಯಲ್ಲಿ ಇವನ್ನು ಹಾಕಿದರೆ ಶಾಖವೆಲ್ಲ ಬಾಯಿಂದಲೇ ಹೊರಗೆ. ಒಲೆಯ ಬಾಯಿ ಒಂದು ಗೇಣಿಗಿಂತ ಹೆಚ್ಚಿರಬಾರದೆಂದು ಗಾರೆಯವನು ತೀರ್ಪು ಕೊಟ್ಟ.

ಅಂಗಡಿಯ ಸರಕನ್ನೂ ನೋಡದೆ ಬಿಡಲಿಲ್ಲ. ತೆರಕಣಾಂಬಿಯ ಮೇಲೆ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಅಂಗಡಿ ಬೀದಿಯಲ್ಲಿ ಅಲೆದೆವು. ಹಳೆಯ ಎಣ್ಣೆ ಪೀಪಾಯಿ ಸೀಳಿ ಮಾಡಿದ ಒಲೆಗಳಿದ್ದವು. ಒಳಗಿನ ಬಣ್ಣ, ಎಣ್ಣೆ ಪೂರ್ತಿ ಸುಟ್ಟುಹೋಗುವವರೆಗೆ ಅವುಗಳ ಮೇಲೆ ಅನ್ನದ ಪಾತ್ರೆ ಇಡಬಾರದು. ಥಳಥಳಿಸುವ ಜಾಲರಿಗಳಿದ್ದವು, ಆ ಹೊಳಪು ಸತುವಿನ ಲೇಪದ್ದು, ಕೆಂಡದ ಕಾವಿಗೆ ಅದರ ಆವಿ ಕುಡಿದವರಿಗೆ ಜ್ವರ ಬರುತ್ತದೆ. ಕಪ್ಪನೆಯ ಬರಿಯ ಕಬ್ಬಿಣದ ಜಾಲರಿಯನ್ನೇ ಕೇಳಿ ಪಡೆಯಬೇಕು. ಚಾಮರಾಜನಗರದ ಕರಿಕಲ್ಲು ಲೋಕಪ್ರಸಿದ್ಧವಷ್ಟೆ. ಅದರ ತುಂಡುಗಳಿಂದಲೇ ಒಲೆ ಕಟ್ಟಬಹುದೆಂದು ಒಬ್ಬರು ಸಲಹೆ ಕೊಟ್ಟರು. ನೀರು ಕುಡಿದ ಕಲ್ಲು ಬೆಂಕಿಗೆ ಸಿಡಿಯುತ್ತದೆ. ಗೋಪುರಕ್ಕೂ ಸಮಾಧಿಗೂ ಒಪ್ಪುವ ಕಲ್ಲು ಒಲೆಗೆ ಒಪ್ಪಲೇಬೇಕೆಂದಿಲ್ಲ. ಸೂರ್ಯಶಾಖದ ನೀರಿನ ತೊಟ್ಟಿಯ ಬೆಲೆಯನ್ನೂ ವಿಚಾರಿಸಿದೆವು. ಬೆಲೆ ಕೇಳಿದ ಅಕ್ಕ, ಮೋಡ ಕವಿದ ಆಷಾಢದಲ್ಲಿ ಏನು ಮಾಡುತ್ತೀ ಎಂದಳು.

ಕೊನೆಗೆ ನಿಶ್ಚಯವಾದದ್ದು ಎರಡು. ಹಂಡೆಗೂ ಮಡಕೆಗೂ ಇಟ್ಟಿಗೆ ಮಣ್ಣಿನ, ಜಾಲರಿಯುಳ್ಳ, ಕೊಳವೆಯ ಒಲೆ. ಸುಡುವ ಕೆಲಸಕ್ಕೆ ಬೇರೆಯಾಗಿ ಸೊಂಟದೆತ್ತರದ ಒಂದು ಇಟ್ಟಿಗೆಯ ಕಟ್ಟೆ, ಮೇಲೆ ಬರಿಯ ಕಬ್ಬಿಣದ ಜಾಲರಿ, ಅದಕ್ಕೆ ಚಿಪ್ಪಿನ ಇದ್ದಿಲು. ಕಟ್ಟೆ ಗೋಡೆಯಿಲ್ಲದ ಬಯಲಲ್ಲಿ, ಹುಲ್ಲಿನ ಮೆದೆಯಿಂದ ದೂರದಲ್ಲಿ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಉರಿದದ್ದನ್ನು ಕಂಡವರಿಗೆ ಬೇಸಿಗೆಯ ಗಾಳಿಯಲ್ಲಿ ಒಂದು ಕಿಡಿ ಏನು ಮಾಡಬಲ್ಲುದೆಂದು ಹೇಳಿಕೊಡಬೇಕಾಗಿಲ್ಲ. ಅಳಿಯ ತನ್ನ ಬಾರ್ಬೆಕ್ಯೂವಿನ ಆಸೆಯನ್ನು ಆ ಕಟ್ಟೆಯ ಮೇಲೆ ತೀರಿಸಿಕೊಳ್ಳಲೊಪ್ಪಿದ. ಮುಚ್ಚಳ ಬೇಕೆನಿಸಿದ ದಿನ ಹಳೆಯ ಬಾಣಲೆ ಕವುಚಬಹುದೆಂದು ಅಕ್ಕ ಸಮಾಧಾನ ಹೇಳಿದಳು.

ಇಷ್ಟೆಲ್ಲ ಆದಮೇಲೆ ನಾನು ಅವಳನ್ನೇ ಕೇಳಿದೆ, "ಅಕ್ಕ, ನಿನಗೆ ಹೇಗಿರಬೇಕು ಹೇಳು." ಅವಳು ತುಸು ಹೊತ್ತು ಸುಮ್ಮನಿದ್ದು, "ಬಗ್ಗಿ ಕೂರೋಕಾಗಲ್ಲ ಕಣಪ್ಪ. ಮಣೆ ಹಾಕ್ಕೊಂಡು ಕೂತ್ರೆ ಬಾಯಿ ಕಾಣಂಗಿರ್ಲಿ. ಆ ಕೊಳವೆ ಗುಡಿಸೋ ಬಾಗಿಲು ಕೆಳಗೇ ಇರ್ಲಿ, ನನ್ ಕೈಗೆ ಸಿಗಂಗೆ" ಎಂದಳು. ಗಾರೆಯವನು ತಲೆಯಾಡಿಸಿ, ಅವಳನ್ನು ಮಣೆಯ ಮೇಲೆ ಕೂರಿಸಿ, ಅವಳ ಕೈ ಚಾಚಿಸಿ, ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆದ. ಕೊಳವೆಯ ಬುಡದ ಕಿಂಡಿ ಆ ಗೀಟಿನ ಮಟ್ಟಕ್ಕೇ ಬಂದಿದೆ. ಅಮಾವಾಸ್ಯೆಗೊಮ್ಮೆ ತೆಂಗಿನ ಕಡ್ಡಿಯ ಪೊರಕೆಯನ್ನು ಅದರೊಳಗೆ ಆಡಿಸಿದರೆ ಮಸಿ ಉದುರುತ್ತದೆ. ಮಣ್ಣು ಒಳಗೂ ಒಣಗುವವರೆಗೆ ಉರಿ ಹಾಕಕೂಡದೆಂದು ಗಾರೆಯವನು ಹದಿನೈದು ದಿನದ ಗಡುವು ಕೊಟ್ಟು ಹೋಗಿದ್ದಾನೆ. ಅಲ್ಲಿಯವರೆಗೆ ಸ್ನಾನದ ನೀರು ಒಳಗಿನ ಅನಿಲದ ಒಲೆಯ ಮೇಲೆ, ಒಂದೊಂದೇ ಕೊಡದಂತೆ, ಕಾಯುತ್ತಿದೆ.