ಗಂಟೆ ಬಾರಿಸಿತು, ಕಡತ ತೆರೆಯಿತು

ವ್ಯಾಪಾರದ ಕಚೇರಿಯಲ್ಲಿ ಟೆಲಿಫೋನಿನ ಗಂಟೆ ಬಾರಿಸಿತೆಂದರೆ ಇಬ್ಬರಿಗೆ ಆತುರ. ಕರೆದವನಿಗೆ ಉತ್ತರ ಬೇಕು. ಫೋನು ಕೈಗೆತ್ತಿಕೊಂಡವನಿಗೆ ಆ ಉತ್ತರವಿರುವ ಕಾಗದ ಬೇಕು. ಧ್ವನಿಯು ನೂರಾರು ಮೈಲಿಗಳ ದೂರವನ್ನು ಕ್ಷಣಮಾತ್ರದಲ್ಲಿ ದಾಟಿ ಬರುತ್ತದೆ. ಕಾಗದವಾದರೋ ಹತ್ತು ಮಾರು ಆಚೆಯ ಕಪಾಟಿನಿಂದ ಬರಲು ಹತ್ತು ನಿಮಿಷ ಹಿಡಿಯುತ್ತದೆ. ಟೆಲಿಫೋನಿಗೂ ಕಂಪ್ಯೂಟರಿಗೂ ನಂಟು ಬೆಳೆದುದು ಈ ಅಂತರವನ್ನು ಕಳೆಯುವುದಕ್ಕಾಗಿಯೇ. ಇಂದು ಬ್ಯಾಂಕಿಗೆ ಫೋನು ಮಾಡಿದ ಗೃಹಸ್ಥರನ್ನು ಅತ್ತ ಕಡೆಯ ಅಪರಿಚಿತ ಧ್ವನಿಯು ಹೆಸರು ಹಿಡಿದು ಮಾತನಾಡಿಸಿದರೆ ಯಾರೂ ಬೆರಗಾಗುವುದಿಲ್ಲ. ಆದರೆ ಆ ಒಂದು ಹೆಸರು ತೆರೆಯ ಮೇಲೆ ಮೂಡುವಂತಾಗಲು ಹಲವು ದಶಕಗಳೇ ಬೇಕಾದವು.

ತಿರುಗುವ ತಟ್ಟೆಯ ಸುತ್ತ

ಕಥೆಯ ಆರಂಭ ಅಮೆರಿಕದ ವಿಮಾನ ಕಚೇರಿಗಳಲ್ಲಿ. 1950ರ ಸುಮಾರಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿಯ ಕಾಯ್ದಿರಿಸುವ ಕಚೇರಿಯೊಳಗೆ ತಿರುಗುವ ತಟ್ಟೆಯೊಂದಿರುತ್ತಿತ್ತು. ಅದರಲ್ಲಿ ವಿಮಾನಕ್ಕೊಂದರಂತೆ ಕಾರ್ಡುಗಳು. ಸುತ್ತಲೂ ಎಂಟು ಮಂದಿ ನೌಕರರು. ಪ್ರಯಾಣಿಕರ ಕರೆ ಬಂದೊಡನೆ ತಟ್ಟೆಯನ್ನು ತಿರುಗಿಸಿ, ಕಾರ್ಡನ್ನು ಹುಡುಕಿ, ಆಸನ ಖಾಲಿಯಿದೆಯೇ ಎಂದು ನೋಡಿ, ಗುರುತು ಹಾಕಬೇಕಾಗಿದ್ದಿತು. ಒಂದು ಟಿಕೆಟಿನ ಕೆಲಸ ಆದಿಯಿಂದ ಅಂತ್ಯದವರೆಗೆ ಮುಗಿಯಲು ಸರಾಸರಿ 90 ನಿಮಿಷ ಹಿಡಿಯುತ್ತಿದ್ದಿತು. ತಟ್ಟೆಯ ಸುತ್ತ ಎಂಟಕ್ಕಿಂತ ಹೆಚ್ಚು ಮಂದಿಗೆ ಸ್ಥಳವಿಲ್ಲ. ವಿಮಾನಗಳೋ ವರ್ಷ ವರ್ಷಕ್ಕೂ ಹೆಚ್ಚುತ್ತಿದ್ದವು.

1953ರಲ್ಲಿ ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿಗೆ ಹೊರಟ ವಿಮಾನದಲ್ಲಿ ಅಕ್ಕಪಕ್ಕ ಕುಳಿತ ಇಬ್ಬರ ಮನೆತನದ ಹೆಸರೂ ಸ್ಮಿತ್ ಎಂದೇ ಆಗಿದ್ದಿತು. ಒಬ್ಬರು ಐಬಿಎಂ ಕಂಪನಿಯ ಮಾರಾಟಗಾರ ಬ್ಲೇರ್ ಸ್ಮಿತ್. ಇನ್ನೊಬ್ಬರು ಆ ವಿಮಾನ ಕಂಪನಿಯ ಅಧ್ಯಕ್ಷ ಸಿ. ಆರ್. ಸ್ಮಿತ್. ಹೆಸರಿನ ಸಾಮ್ಯದಿಂದ ಮೊದಲಾದ ಮಾತು ಕಾರ್ಡುಗಳ ಕಷ್ಟದ ಕಡೆಗೆ ತಿರುಗಿತು. ಶತ್ರುವಿಮಾನಗಳ ಸುಳಿವನ್ನು ಟೆಲಿಫೋನು ತಂತಿಗಳ ಮೂಲಕ ಕಂಪ್ಯೂಟರಿಗೆ ತಲುಪಿಸುವ ಸೇಜ್ ಎಂಬ ವಾಯುರಕ್ಷಣಾ ವ್ಯವಸ್ಥೆಯನ್ನು ಐಬಿಎಂ ಆ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪಿಸುತ್ತಿದ್ದಿತು. ಆಕಾಶದ ವಿಮಾನಗಳ ಲೆಕ್ಕವಿಡಬಲ್ಲ ಯಂತ್ರವು ವಿಮಾನದೊಳಗಿನ ಆಸನಗಳ ಲೆಕ್ಕವನ್ನು ಇಡಲಾರದೇ?

1960ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಬ್ರಯರ್‌ಕ್ಲಿಫ್ ಮ್ಯಾನರಿನಲ್ಲಿ ಎರಡು ಐಬಿಎಂ 7090 ಯಂತ್ರಗಳೊಡನೆ ಸೇಬರ್ ಎಂಬ ವ್ಯವಸ್ಥೆಯು ಪ್ರಯೋಗಕ್ಕೆ ಇಳಿಯಿತು. 1964ರ ವೇಳೆಗೆ ಕಂಪನಿಯ ಕಾಯ್ದಿರಿಸುವಿಕೆಯೆಲ್ಲವೂ ಅದರ ವಶಕ್ಕೆ ಬಂದಿತು. ಗಂಟೆಗೆ 7,500 ಕಾಯ್ದಿರಿಸುವಿಕೆಗಳನ್ನು ನಡೆಸುವ ಶಕ್ತಿ ಅದಕ್ಕಿದ್ದಿತು. ತೊಂಬತ್ತು ನಿಮಿಷಗಳ ಕೆಲಸ ಕೆಲವೇ ಸೆಕೆಂಡುಗಳಿಗೆ ಇಳಿಯಿತು.

ಆದರೂ ಅಂದು ಟೆಲಿಫೋನು ಮತ್ತು ಕಂಪ್ಯೂಟರು ಕೂಡುತ್ತಿದ್ದುದು ನೌಕರನ ದೇಹದಲ್ಲಿ ಮಾತ್ರ. ಕಿವಿಯಲ್ಲಿ ಫೋನು, ಬೆರಳ ತುದಿಯಲ್ಲಿ ಯಂತ್ರ. ಗಂಟೆ ಬಾರಿಸಿದ ಸಂಗತಿ ಕಂಪ್ಯೂಟರಿಗೆ ತಿಳಿಯದು. ಕರೆದವರು ಯಾರೆಂಬುದು ಟೆಲಿಫೋನಿಗೆ ತಿಳಿಯದು.

ಸರದಿಯ ಗಣಿತ

ಮುಂದಿನ ತೊಡಕು ಸರದಿಯದು. ಕರೆಗಳು ಎಣಿಸಿಟ್ಟಂತೆ ಬರುವುದಿಲ್ಲ. ಒಮ್ಮೆ ಮೌನ, ಒಮ್ಮೆ ಮಳೆ. ಸರಾಸರಿಯಲ್ಲಿ ಹತ್ತು ಮಂದಿಗೆ ಸರಿಯಾಗುವಷ್ಟು ಕೆಲಸವಿದೆಯೆಂದು ಹತ್ತೇ ಮಂದಿಯನ್ನು ನೇಮಿಸಿದರೆ, ಕಾದಿರುವವರ ಸಾಲು ಬೆಳೆಯುತ್ತಲೇ ಹೋಗುತ್ತದೆ. ಬಿಡುವಿನ ವೇಳೆಯಲ್ಲಿ ಕೈಕಟ್ಟಿ ಕುಳಿತ ನಿಮಿಷಗಳನ್ನು ನೂಕುನುಗ್ಗಲಿನ ವೇಳೆಗೆ ಕೂಡಿಡುವುದು ಸಾಧ್ಯವಿಲ್ಲವಷ್ಟೆ. ಈ ಸಮಸ್ಯೆಯನ್ನು ಗಣಿತದ ಹಿಡಿತಕ್ಕೆ ತಂದವರು ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್. 1909 ಮತ್ತು 1917ರಲ್ಲಿ ಅವರು ಪ್ರಕಟಿಸಿದ ಲೇಖನಗಳಿಂದ ಹೊರಟ ಸೂತ್ರಗಳನ್ನು ಕರೆಕೇಂದ್ರಗಳು ಇಂದಿಗೂ ಅನುಸರಿಸುತ್ತಿವೆ.

1973ರಲ್ಲಿ ರಾಕ್‌ವೆಲ್ ಕಂಪನಿಯು ಕಾಂಟಿನೆಂಟಲ್ ಏರ್‌ಲೈನ್ಸಿಗಾಗಿ ಗ್ಯಾಲಕ್ಸಿ ಎಂಬ ಕರೆ ಹಂಚುವ ಯಂತ್ರವನ್ನು ಒದಗಿಸಿತು. ಇಂಥ ಯಂತ್ರಗಳು ಕರೆಗಳನ್ನು ಸಾಲಿನಲ್ಲಿ ನಿಲ್ಲಿಸಿ, ಬಹಳ ಹೊತ್ತಿನಿಂದ ಬಿಡುವಾಗಿರುವ ನೌಕರನಿಗೆ ಮೊದಲ ಕರೆಯನ್ನು ಒಪ್ಪಿಸುತ್ತವೆ. ಕರೆಯನ್ನು ಯಾರು ಎತ್ತಬೇಕೆಂಬ ನಿರ್ಧಾರ ಹೀಗೆ ಯಂತ್ರದ ಪಾಲಿಗೆ ಬಂದಿತು.

ಧ್ವನಿಗೆ ಮೊದಲೇ ಹೆಸರು

ಟೆಲಿಫೋನು ಕಂಪ್ಯೂಟರಿನೊಡನೆ ನೇರವಾಗಿ ವ್ಯವಹರಿಸುವಂತಾಗಲು ಅದರ ಸ್ವಭಾವವೇ ಬದಲಾಗಬೇಕಿತ್ತು. 1963ರ ನವೆಂಬರ್ 18ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಎರಡು ಊರುಗಳಲ್ಲಿ ಗುಂಡಿ ಒತ್ತುವ ಫೋನು ಬಳಕೆಗೆ ಬಂದಿತು. ಪ್ರತಿ ಗುಂಡಿಯೂ ಎರಡು ಸ್ವರಗಳನ್ನು ಏಕಕಾಲಕ್ಕೆ ನುಡಿಯುತ್ತದೆ: ಒಂದು ಅಡ್ಡಸಾಲಿನದು, ಇನ್ನೊಂದು ಉದ್ದಸಾಲಿನದು. ಆ ಜೋಡಿಸ್ವರದಿಂದ ಯಂತ್ರವು ಅಂಕಿಯನ್ನು ಗುರುತಿಸುತ್ತದೆ. ಹೀಗೆ ಮನೆಯ ಫೋನೇ ಕಂಪ್ಯೂಟರಿನ ಕೀಲಿಮಣೆಯಾಯಿತು. “ಕನ್ನಡಕ್ಕಾಗಿ ಒಂದನ್ನು ಒತ್ತಿ” ಎಂಬ ಇಂದಿನ ಸೂಚನೆಯ ಮೂಲ ಅಲ್ಲಿದೆ.

ವಿನಿಮಯ ಕೇಂದ್ರಗಳೂ ಕಂಪ್ಯೂಟರುಗಳಾದವು. ಭಾರತದಲ್ಲಿ 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಗ್ರಾಮಗಳಿಗಾಗಿ ರೂಪಿಸಿದ ಚಿಕ್ಕ ಡಿಜಿಟಲ್ ವಿನಿಮಯ ಕೇಂದ್ರವು 1986ರಲ್ಲಿ ಮೊದಲು ಕೆಲಸಮಾಡಿದುದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ.

ಇನ್ನುಳಿದುದು ಭಾಷೆಯ ತೊಡಕು. ಕಚೇರಿಯ ಟೆಲಿಫೋನು ಪೆಟ್ಟಿಗೆಯನ್ನು ಒಬ್ಬರು ಮಾಡಿದರೆ, ಕಂಪ್ಯೂಟರನ್ನು ಮಾಡಿದವರು ಮತ್ತೊಬ್ಬರು. 1992ರಲ್ಲಿ ಯೂರೋಪಿನ ಎಕ್ಮಾ ಸಂಘವು ಇವೆರಡಕ್ಕೂ ಒಪ್ಪುವ ನಿಯಮಾವಳಿಯನ್ನು ಹೊರತಂದಿತು. 1993ರಲ್ಲಿ ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಕಂಪನಿಗಳು ತಮ್ಮದೊಂದನ್ನು ತಂದವು. ಆಮೇಲಿನ ಕ್ರಮ ಸರಳ. ಕರೆಯೊಡನೆ ಕರೆದವರ ಸಂಖ್ಯೆಯೂ ಬರುತ್ತದೆ. ಕಂಪ್ಯೂಟರು ಆ ಸಂಖ್ಯೆಯನ್ನು ಗ್ರಾಹಕರ ಪಟ್ಟಿಯಲ್ಲಿ ಹುಡುಕಿ, ತಕ್ಕ ನೌಕರನನ್ನು ಆರಿಸಿ, ಧ್ವನಿಯನ್ನೂ ಕಡತವನ್ನೂ ಒಂದೇ ಮೇಜಿಗೆ ಒಟ್ಟಿಗೆ ಕಳುಹಿಸುತ್ತದೆ. ಅವನು ಕರೆಯನ್ನು ಮೇಲಧಿಕಾರಿಗೆ ವರ್ಗಾಯಿಸಿದರೆ ಕಡತವೂ ಬೆನ್ನಹಿಂದೆ ಹೋಗುತ್ತದೆ. ಕರೆದವರು ತಮ್ಮ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಗಿಲ್ಲ. ಬೆಂಗಳೂರಿನ ಕರೆಕೇಂದ್ರಗಳು ನಿಂತಿರುವುದೂ ಈ ಅಡಿಪಾಯದ ಮೇಲೆಯೇ. ನ್ಯೂಯಾರ್ಕಿನ ಗ್ರಾಹಕ ಬೇಸಗೆಯ ಒಂದು ಮಧ್ಯಾಹ್ನ ಹನ್ನೆರಡಕ್ಕೆ ಫೋನು ಮಾಡಿದಾಗ ಇಲ್ಲಿ ರಾತ್ರಿ ಒಂಬತ್ತೂವರೆ. ಅವನ ಲೆಕ್ಕಪತ್ರವೆಲ್ಲವೂ ಇಲ್ಲಿಯ ತರುಣಿಯೊಬ್ಬಳ ತೆರೆಯ ಮೇಲೆ ಸಿದ್ಧವಾಗಿರುತ್ತದೆ.

ಉಳಿದ ನಿಮಿಷ ಯಾರದು?

ಇಷ್ಟೆಲ್ಲ ಸೌಕರ್ಯಕ್ಕೂ ಒಂದು ಬೆಲೆಯಿದೆ. ಕರೆದವರು ಎಷ್ಟು ಹೊತ್ತು ಕಾದರೆಂದು ಅಳೆಯುವ ಯಂತ್ರವೇ ನೌಕರಳು ಎಷ್ಟು ಸೆಕೆಂಡು ಮಾತನಾಡಿದಳು, ಎಷ್ಟು ಹೊತ್ತು ಕುರ್ಚಿ ಬಿಟ್ಟು ಎದ್ದಳು ಎಂಬುದನ್ನೂ ಬರೆದಿಡುತ್ತದೆ. ಕರೆಯನ್ನು ಬೇಗ ಮುಗಿಸಿದವಳಿಗೆ ಮೆಚ್ಚುಗೆಯೆಂದಾದರೆ, ತಡವರಿಸಿ ಮಾತನಾಡುವ ವೃದ್ಧರ ಅಹವಾಲನ್ನು ತಾಳ್ಮೆಯಿಂದ ಕೇಳಿದವಳಿಗೆ ನಷ್ಟ. ಕಾಗದ ಹುಡುಕುವ ಶ್ರಮವನ್ನು ಕಳೆದು, ಉಳಿದ ವೇಳೆಯನ್ನು ಮಾತು ಕೇಳುವುದಕ್ಕೆ ಕೊಡುವ ಕಚೇರಿಗಳಿವೆ. ಆ ವೇಳೆಯಲ್ಲಿ ಇನ್ನೆರಡು ಕರೆಗಳನ್ನು ತುರುಕುವ ಕಚೇರಿಗಳೂ ಇವೆ. ಮನುಷ್ಯರೊಡನೆ ಮಾತನಾಡಲು ಒತ್ತಬೇಕಾದ ಗುಂಡಿಯನ್ನು ಕೊಟ್ಟಕೊನೆಯಲ್ಲಿ ಅಡಗಿಸಿಡುವ ಕಂಪನಿಯ ಮನಸ್ಸು ಯಾವ ಬಗೆಯದೆಂಬುದನ್ನು ಗ್ರಾಹಕರು ಸುಲಭವಾಗಿ ಊಹಿಸಬಹುದು. ಯಂತ್ರ ಎರಡು ಕಡೆಯೂ ಒಂದೇ. ಅದನ್ನು ನಡೆಸುವವರ ಉದ್ದೇಶ ಬೇರೆ.

ಗೃಹಸ್ಥರು ನೆನಪಿನಲ್ಲಿಡತಕ್ಕ ಇನ್ನೊಂದು ಮಾತಿದೆ. ಈ ವ್ಯವಸ್ಥೆಯು ಸಂಖ್ಯೆಯನ್ನು ಗುರುತಿಸುತ್ತದೆಯೇ ಹೊರತು ಮನುಷ್ಯನನ್ನಲ್ಲ. ಒಂದೇ ಫೋನನ್ನು ಮನೆಯ ನಾಲ್ವರು ಬಳಸಬಹುದು. ಬ್ಯಾಂಕಿನವರು ಹೆಸರು ಕಣ್ಣೆದುರಿಗಿದ್ದರೂ ಮತ್ತೆ ಪ್ರಶ್ನೆ ಕೇಳುವುದು ಈ ಕಾರಣದಿಂದಲೇ, ಅದಕ್ಕಾಗಿ ಸಿಟ್ಟಾಗಬೇಕಾಗಿಲ್ಲ. ಅದೇ ರೀತಿ ಮನೆಗೆ ಬರುವ ಕರೆಯೂ. ಫೋನಿನ ಮೇಲೆ ಕಾಣುವ ಸಂಖ್ಯೆಯನ್ನು ಕಂಪ್ಯೂಟರಿನ ನೆರವಿನಿಂದ ಸುಳ್ಳಾಗಿಸಬಲ್ಲ ಮೋಸಗಾರರಿದ್ದಾರೆ. ಬ್ಯಾಂಕಿನ ಹೆಸರು ಹೇಳಿ, ಮನೆಯವರ ಹೆಸರನ್ನೂ ಸರಿಯಾಗಿ ಹೇಳಿ, ಆಮೇಲೆ ಗುಪ್ತಸಂಖ್ಯೆಯನ್ನು ಕೇಳುವ ಧ್ವನಿಯನ್ನು ನಂಬಲಾಗದು. ಅಂಥ ಕರೆ ಬಂದಾಗ ಮಾತು ಬೆಳೆಸದೆ ಫೋನನ್ನು ಕೆಳಗಿಟ್ಟು, ಪಾಸುಪುಸ್ತಕದಲ್ಲಿ ಅಥವಾ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ತಾವೇ ಕರೆ ಮಾಡಿ ವಿಚಾರಿಸುವುದು ಕ್ಷೇಮ.