ಗುಂಡಿನ ವೇಗದಲ್ಲಿ ಏರುಪೇರು: ಕಾರಣ ಹುಡುಕುವ ಬಗೆ

ಅಮೆರಿಕ, ಕೆನಡಾಗಳಲ್ಲಿ ರೈಫಲ್ ಗುರಿಗಾರಿಕೆ ಜನಪ್ರಿಯ ಕ್ರೀಡೆ. ಕೆನಡಾದ ಜಾರ್ಜ್ ಫಾರ್ಕರ್‌ಸನ್ ಅವರ ಹೆಸರಿನಿಂದ ಬಂದ ‘ಎಫ್-ಕ್ಲಾಸ್’ ಸ್ಪರ್ಧೆಗಳಲ್ಲಿ 1000 ಗಜ, ಅಂದರೆ 914 ಮೀಟರ್ ದೂರದ ಗುರಿಗೂ ಗುಂಡು ಹಾರಿಸುತ್ತಾರೆ. ಅಮೆರಿಕದ ನಿಯಮದಂತೆ ಅಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10 ಅಂಗುಲ, ಸುಮಾರು 25 ಸೆಂ.ಮೀ. ಮಾತ್ರ.

ಇಷ್ಟು ದೂರ ಸಾಗುವಷ್ಟರಲ್ಲಿ .308 ಕ್ಯಾಲಿಬರ್‌ನ ಗುಂಡು ನಳಿಗೆಯ ನೇರದಿಂದ ಸುಮಾರು 9 ಮೀಟರ್ ಕೆಳಗಿಳಿಯುತ್ತದೆ. ಬೀಳುವ ವಸ್ತು ಕ್ರಮಿಸುವ ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ಹಾಗಾಗಿ ವೇಗ ಶೇ. 1ರಷ್ಟು ತಗ್ಗಿದರೆ ಇಳಿತ ಸುಮಾರು ಶೇ. 2ರಷ್ಟು ಹೆಚ್ಚುತ್ತದೆ. ಅಂದರೆ ಗುಂಡು 18 ಸೆಂ.ಮೀ. ಕೆಳಗೆ, ವೃತ್ತದ ಆಚೆ ಬೀಳುತ್ತದೆ. ತೋಟೆಗಳನ್ನು ತಾವೇ ತುಂಬಿಕೊಳ್ಳುವ ಗುರಿಗಾರರಿಗೆ ವೇಗದ ಏರುಪೇರು ತಲೆನೋವಾಗಿರುವುದು ಈ ಕಾರಣಕ್ಕೆ.

ಮೊದಲ ಅನುಮಾನ ಅಳತೆಯ ಮೇಲೆ

1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಗುಂಡನ್ನು ತೂಗುವ ಮರದ ಹಲಗೆಗೆ ಹೊಡೆದು, ಹಲಗೆ ಎಷ್ಟು ಓಲಾಡಿತು ಎಂಬುದರಿಂದ ವೇಗವನ್ನು ಲೆಕ್ಕ ಹಾಕುವ ವಿಧಾನವನ್ನು ಪ್ರಕಟಿಸಿದ. ಈಗ ಎರಡು ಬೆಳಕಿನ ಸಂವೇದಕಗಳನ್ನು ದಾಟಲು ಗುಂಡಿಗೆ ಹಿಡಿಯುವ ಕಾಲವನ್ನು ಅಳೆಯುವ ಕ್ರೋನೋಗ್ರಾಫ್‌ಗಳಿವೆ. ಸಂವೇದಕಗಳ ನಡುವಿನ ಅಂತರ 60 ಸೆಂ.ಮೀ., ವೇಗ ಸೆಕೆಂಡಿಗೆ 850 ಮೀಟರ್ ಇದ್ದರೆ ಆ ಕಾಲ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ.

ಆ ಅಂತರವನ್ನು ಅಳೆಯುವಾಗ ಒಂದು ಮಿ.ಮೀ. ತಪ್ಪಿತೆನ್ನಿ. ಪ್ರತಿ ಫಲಿತಾಂಶವೂ ಸುಮಾರು 1.4 ಮೀಟರ್‌ನಷ್ಟು, ಒಂದೇ ದಿಕ್ಕಿಗೆ ತಪ್ಪುತ್ತದೆ. ಸರಾಸರಿ ಕೆಡುತ್ತದೆಯೇ ಹೊರತು ಏರುಪೇರು ಹೆಚ್ಚುವುದಿಲ್ಲ. ಆದರೆ ಮೋಡ ಬಂದು ಬಿಸಿಲು ಬದಲಾದರೆ ಸಂವೇದಕ ಒಮ್ಮೊಮ್ಮೆ ಒಂದೊಂದು ರೀತಿ ಎಚ್ಚರಗೊಂಡು, ಇಲ್ಲದ ಏರುಪೇರನ್ನು ತೋರಿಸಬಹುದು.

ಐದು ಗುಂಡು ಸಾಕೇ?

ಒಬ್ಬನಿಗೆ ಸಿಕ್ಕ ವೇಗಗಳು 844, 854, 852, 848, 852 ಎನ್ನೋಣ. ಸರಾಸರಿ 850, ಪ್ರಮಾಣ ವಿಚಲನೆ 4. ಇಷ್ಟಕ್ಕೇ ತೀರ್ಮಾನಕ್ಕೆ ಬರುವುದು ಆತುರವಾದೀತು. ಸಂಖ್ಯಾಶಾಸ್ತ್ರದ ಪ್ರಕಾರ, ಐದೇ ಅಳತೆಗಳಿಂದ ಸಿಕ್ಕ ಈ 4ರ ನಿಜವಾದ ಬೆಲೆ 2.4ರಿಂದ 11.5ರವರೆಗೆ ಎಲ್ಲಿಯಾದರೂ ಇರಬಹುದು. ಈ ಮಾತಿಗೂ ಭರವಸೆ ಶೇ. 95 ಮಾತ್ರ. ಇಪ್ಪತ್ತು ಗುಂಡುಗಳಿಂದ ಅದೇ 4 ಬಂದರೆ ಈ ವ್ಯಾಪ್ತಿ 3ರಿಂದ 5.8ಕ್ಕೆ ಕುಗ್ಗುತ್ತದೆ. ನಿನ್ನೆಯ ಐದು ಗುಂಡು ಚೆನ್ನಾಗಿ ಬಂದು, ಇಂದಿನ ಐದು ಕೆಟ್ಟರೆ, ತೋಟೆ ಬದಲಾಗಿದೆ ಎಂದೇ ಅರ್ಥವಲ್ಲ.

ಒಂದೊಂದೇ ಕಾರಣ

ಏರುಪೇರು ನಿಜವೆಂದು ಖಚಿತವಾದ ಮೇಲೆ ಕಾರಣಗಳ ಸರದಿ. ಗಾಳಿ ಬೀಸಿದರೆ ಸೂಕ್ಷ್ಮ ತಕ್ಕಡಿ ಅಲುಗುತ್ತದೆ. ಮದ್ದಿನ ತೂಕದಲ್ಲಿ ಕೆಲವು ಮಿಲಿಗ್ರಾಂ ವ್ಯತ್ಯಾಸವಾದರೂ ವೇಗದಲ್ಲಿ ಕಾಣುತ್ತದೆ. ಕಾದ ನಳಿಗೆಯೊಳಗೆ ತೋಟೆ ಹೆಚ್ಚು ಹೊತ್ತು ಕೂತರೆ ಮದ್ದು ಬಿಸಿಯಾಗಿ ಬೇಗ ಉರಿಯುತ್ತದೆ. ಬೇರೆ ಬೇರೆ ತಯಾರಿಕೆಯ ಹಿತ್ತಾಳೆ ಕವಚಗಳ ಒಳಗಾತ್ರ ಬೇರೆ. ಅದರಿಂದ ಒತ್ತಡವೂ ಬೇರೆ. ಒಂದೇ ಕವಚವನ್ನು ಮತ್ತೆ ಮತ್ತೆ ಬಳಸಿದಾಗ ಅದರ ಕುತ್ತಿಗೆ ಗಡುಸಾಗಿ ಗುಂಡನ್ನು ಹಿಡಿಯುವ ಬಿಗಿ ಬದಲಾಗುತ್ತದೆ. ಹದವಾಗಿ ಕಾಯಿಸಿದರೆ ಲೋಹ ಮತ್ತೆ ಮೆದುವಾಗುತ್ತದೆ.

ಇವೆಲ್ಲವನ್ನೂ ಒಟ್ಟಿಗೆ ಸರಿಪಡಿಸಿದರೆ ಏರುಪೇರು ತಗ್ಗೀತು, ಆದರೆ ಯಾವುದರಿಂದ ತಗ್ಗಿತೆಂಬುದು ತಿಳಿಯದು. ಉಳಿದದ್ದೆಲ್ಲ ಒಂದೇ ಇದ್ದು, ಕಾಯಿಸಿದ ಕವಚದ ಇಪ್ಪತ್ತು, ಕಾಯಿಸದ ಇಪ್ಪತ್ತು ತೋಟೆಗಳಿರಬೇಕು. ಅವನ್ನು ಒಂದು ಇದು, ಒಂದು ಅದು ಎಂದು ಸರದಿಯಲ್ಲಿ ಹಾರಿಸಬೇಕು. ಮೊದಲು ಒಂದು ಕಂತು ಮುಗಿಸಿ ಆಮೇಲೆ ಇನ್ನೊಂದಕ್ಕೆ ಹೋದರೆ, ನಳಿಗೆ ಕಾದದ್ದರ ಪರಿಣಾಮ ಎರಡನೆಯ ಕಂತಿನ ತಲೆಗೆ ಬೀಳುತ್ತದೆ. ಶಾಲೆಯ ಲೋಲಕದ ಪ್ರಯೋಗದಲ್ಲಿ ಉದ್ದವನ್ನು ಬದಲಿಸುವಾಗ ಗುಂಡನ್ನು ಬದಲಿಸಬಾರದು ಎನ್ನುವುದೂ ಇದೇ ನ್ಯಾಯ.

ತೋಟೆ ತುಂಬುವುದು ಮನೆಯಲ್ಲಿ ಮಾಡಿನೋಡುವ ಪ್ರಯೋಗವಲ್ಲ. ಮದ್ದು ಮಿತಿ ಮೀರಿದರೆ ಬಂದೂಕವೇ ಸಿಡಿದು ಕಣ್ಣು, ಕೈ ಹೋದಾವು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕಲಿಯಬೇಕಾದದ್ದು ಹುಡುಕುವ ಕ್ರಮವನ್ನು.

ಈ ಕ್ರಮಕ್ಕೂ ಬೆಲೆಯುಂಟು. ಪ್ರತಿ ಗುಂಡೂ ನಳಿಗೆಯನ್ನು ಒಂದಿಷ್ಟು ಸವೆಸುತ್ತದೆ. ಕೆಲವು ಸಾವಿರ ಗುಂಡುಗಳಾದ ಮೇಲೆ ಅದರ ನಿಖರತೆ ಮುಗಿಯುತ್ತದೆ. ಒಂದು ಪ್ರಶ್ನೆಗೆ ನಲವತ್ತು ಗುಂಡು ಬೇಕಾದರೆ ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು? ಅನುಭವಿ ಗುರಿಗಾರ ಅದನ್ನು ಕಾಗದದ ಮೇಲೆ ಬರೆದುಕೊಂಡ ನಂತರವೇ ಬಂದೂಕ ಎತ್ತುತ್ತಾನೆ.